ಅನುಕೂಲ

ಕಟಪಾಡಿ ಜಂಕ್ಷನ್ನಿನಲ್ಲಿ ಹರಿಪ್ರಿಯಾಳ ಕಾಲು ನಿಂತಿತು. ಅವಳಿಗೆ ನಿಲ್ಲುವ ಉದ್ದೇಶವಿರಲಿಲ್ಲ.

"ಎಂತ ಆಯ್ತು?" ಹಿಂದಿನಿಂದ ಓಡಿ ಬಂದ ಎಲಿಜಬೆತ್ ಕೇಳಿದಳು.

"ಕಲ್ಲು ತಾಗಿದ್ದು."

"ಕಲ್ಲೆಲ್ಲಿ ಉಂಟು ಮಾರಾಯ್ತಿ?"

ಕಲ್ಲಿರಲಿಲ್ಲ. ಮೊಣಕಾಲಿನ ಕೆಳಗೆ, ಎಲುಬಿನ ಒಳಗಿಂದ ಯಾರೋ ಉಗುರಿನಲ್ಲಿ ಕೆರೆಯುವಂಥ ನೋವು. ಕೆಲವು ವಾರಗಳಿಂದ ಇತ್ತು. ಅವಳು ಅದನ್ನು ಶಿಸ್ತಿನಿಂದ ಅಲಕ್ಷಿಸಿದ್ದಳು.

ಇಬ್ಬರೂ ಮಣಿಪಾಲದ ಒಂದೇ ಕಾಲೇಜಿನಲ್ಲಿ ಪಾಠ ಮಾಡುವವರು. ಭಾನುವಾರ ಉಡುಪಿಯಿಂದ ಕಾಪುವಿನವರೆಗೆ ಓಡುವವರು. ಓಟ ಮುಗಿದ ಮೇಲೆ ಎಲಿಜಬೆತ್ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದಳು. ಹರಿಪ್ರಿಯಾ ಎದುರು ಕೂತು ನೋಡುತ್ತಿದ್ದಳು. ನೋಡುವುದರಲ್ಲಿ ಒಂದು ಗೆಲುವು ಇತ್ತು.

ಈಗ ಕಾಲೂರಲಾಗಲಿಲ್ಲ. ಎಲಿಜಬೆತ್ ಆಟೋ ಹಿಡಿದು, ಬನ್ನಂಜೆಯಲ್ಲಿ ತನಗೆ ಪರಿಚಯದ ಡಾಕ್ಟರ್ ರತ್ನಾವತಿಯವರಲ್ಲಿಗೆ ಕರೆತಂದಳು. ಸ್ಕ್ಯಾನ್ ಆಯಿತು.

"ಎಲುಬಿನಲ್ಲಿ ಬಿರುಕು ಉಂಟು. ಬಿದ್ದಿದ್ದೀರಾ?"

"ಇಲ್ಲ."

"ಓಡುವ ಮೊದಲು ಎಂತ ತಿನ್ನುತ್ತೀರಿ?"

"ಕಾಫಿ."

"ಅದು ಕುಡಿಯುವುದು. ಹಸಿವಾಗುವುದಿಲ್ಲವಾ?"

ಹಸಿವನ್ನು ಅವಳು ಗೆದ್ದು ಬಹಳ ಕಾಲವಾಗಿತ್ತು. ಆದರೆ ಅದನ್ನು ಹೇಳಿಕೊಳ್ಳುವ ಜಾಗ ಇದಲ್ಲವೆನಿಸಿತು.

"ಮುಟ್ಟು ಸರಿಯಾಗಿ ಆಗುತ್ತದಾ?"

"ಕಳೆದ ದೀಪಾವಳಿಯ ನಂತರ ಇಲ್ಲ."

"ಯಾರಿಗೂ ತೋರಿಸಲಿಲ್ಲವಾ?"

"ಅನುಕೂಲವಾಗಿತ್ತು."

ರತ್ನಾವತಿ ಕನ್ನಡಕ ತೆಗೆದರು. "ನೋಡಿ, ಓಡುವವರು ತಿನ್ನಬೇಕಾದಷ್ಟು ನೀವು ತಿನ್ನುವುದಿಲ್ಲ. ಸಾಲದೆ ಬಂದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಮೊದಲು ಮುಟ್ಟು. ಆಮೇಲೆ ಎಲುಬು ಗಟ್ಟಿ ಮಾಡುವುದು. ರಕ್ತ ಪರೀಕ್ಷೆ ಮಾಡಿಸುವ. ಕೆಲವು ತಿಂಗಳು ಓಟ ಬೇಡ. ಹೊಟ್ಟೆ ತುಂಬ ಊಟ ಮಾಡಿ."

"ಓಡದಿದ್ದರೆ ಊಟ ಮಾಡುವುದು ಹೇಗೆ?"

ಡಾಕ್ಟರು ತಮಾಷೆಯೆಂದುಕೊಂಡು ನಕ್ಕರು. ಎಲಿಜಬೆತ್ ನಗಲಿಲ್ಲ.

ಅಂಬಲಪಾಡಿಯ ಮನೆಯಲ್ಲಿ ಅಂದು ಪೂಜೆ. ಅತ್ತೆ ಸುಭಾಷಿಣಿ ನೆಂಟರೆದುರು ಸೊಸೆಯನ್ನು ಹೊಗಳುವುದಿತ್ತು: "ನಮ್ಮ ಹರಿಪ್ರಿಯಾ ಪೂಜೆಯ ಕೆಲಸಕ್ಕೆ ಇಲ್ಲ ಎಂದದ್ದೇ ಇಲ್ಲ." ತಿಂಗಳ ಆ ದಿನಗಳಲ್ಲಿ ಅಡುಗೆಮನೆಯಿಂದ ಹೊರಗಿರಬೇಕಾದವಳು ಯಾವಾಗಲೂ ಒಳಗೇ ಇರುತ್ತಿದ್ದಳು. ಏಕೆಂದು ಅತ್ತೆ ಕೇಳಿರಲಿಲ್ಲ, ಸೊಸೆ ಹೇಳಿರಲಿಲ್ಲ. ಅವರಿಬ್ಬರ ನಡುವೆ ಇಷ್ಟು ಸಾಮರಸ್ಯ ಹಿಂದೆಂದೂ ಇರಲಿಲ್ಲ.

"ಕಾಲಿಗೆ ಎಂತ?" ಗಂಡ ನಂದನ ಕೇಳಿದ.

"ಉಳುಕಿದ್ದು."

ಕಾರ್ಕಳದಿಂದ ಬಂದಿದ್ದ ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಷ್ಟು ಸಪೂರ ಆಗಿದ್ದಿ! ತೂಕ ಇಳಿಸುವುದು ಹೇಗೆಂದು ನಮಗೂ ಸ್ವಲ್ಪ ಹೇಳಿಕೊಡು ಮಾರಾಯ್ತಿ."

ಕಾಲು ಸಿಡಿಯುತ್ತಿತ್ತು. ಆದರೂ 'ಸಪೂರ' ಎಂಬ ಮಾತು ಕಿವಿಗೆ ಬಿದ್ದೊಡನೆ ಹರಿಪ್ರಿಯಾಳಿಗೆ ಖುಷಿಯಾಯಿತು. ಖುಷಿಯಾದದ್ದು ಕಂಡು ಹೆದರಿಕೆಯೂ ಆಯಿತು.

ನೆಲದಲ್ಲಿ ಕೂರಲಾಗದ್ದರಿಂದ ಅವಳೊಬ್ಬಳಿಗೆ ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಮೇಜಿನ ಮೇಲೆ ಎಲೆ ಹಾಕಿದರು. ಅನ್ನ, ಸಾಂಬಾರಿನಂಥ ಕೊದ್ದೆಲು, ಗಟ್ಟಿಬಜೆಯಂಥ ಕರಿದದ್ದೊಂದು, ಪಾಯಸ. ತಿನ್ನುವುದೆಂದು ಅವಳು ನಿಜವಾಗಿಯೂ ತೀರ್ಮಾನಿಸಿದ್ದಳು. ತುತ್ತು ಕಲಸಿದಳು, ಎತ್ತಿದಳು. ಇವತ್ತು ಕಾಪು ಮುಟ್ಟಲಿಲ್ಲವಲ್ಲ ಎಂದು ನೆನಪಾಯಿತು. ಕೈ ಎಲೆಗೆ ಮರಳಿತು. ಇನ್ನೊಮ್ಮೆ ಎತ್ತಿದಳು. ಯಾರೂ ನೋಡದಿದ್ದಾಗ ಎಲೆ ಮಡಚಿದಳು.

"ಇಷ್ಟು ಬೇಗವಾ?" ಅತ್ತೆ ಕೇಳಿದರು.

"ಹೊಟ್ಟೆ ತುಂಬಿತು ಅತ್ತೆ."

ನಂದನ ಎಲೆ ಎತ್ತಲು ಬಂದವನು ಅದನ್ನು ಕೈಯಲ್ಲಿ ಹಿಡಿದು ನಿಂತ. "ಎಲೆ ಭಾರ ಉಂಟಲ್ಲ?"

ಹೇಳಬಹುದಿತ್ತು. ಅವಳು ಕಿಟಕಿಯ ಆಚೆ ನೋಡಿದಳು. ಅವನು ಎಲೆಯನ್ನು ಹಿತ್ತಿಲಿಗೆ ಕೊಂಡುಹೋದ.

ಪಕ್ಕದ ಮನೆಯ ದನ ಬಂತು. ಎಲೆಯ ಮಡಿಕೆಯನ್ನು ನಾಲಗೆಯಿಂದ ಬಿಡಿಸಿತು. ಅನ್ನ, ಕರಿದದ್ದು, ಪಾಯಸ, ಕೊನೆಗೆ ಎಲೆಯನ್ನೂ ಬಾಯಿಗೆಳೆದುಕೊಂಡು, ಅವಳನ್ನೇ ನೋಡುತ್ತ, ನಿಧಾನವಾಗಿ ಅಗಿಯತೊಡಗಿತು.

ಎಷ್ಟೋ ಹೊತ್ತಿನ ಮೇಲೆ ಹರಿಪ್ರಿಯಾಳಿಗೆ ಗೊತ್ತಾಯಿತು, ಅವಳ ದವಡೆಯೂ ದನದ ಜೊತೆಜೊತೆಗೆ ಆಡುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ.