ಏಳು ಹಮೂರ್ ತಾಯಿಗಳು

"ಈ ನಾತ ಎಲ್ಲಿಂದ ಬರುತ್ತಪ್ಪಾ?"

ಆಫೀಸರ್ ಶ್ಯಾಮಸುಂದರ್ ಕೇಳಿದ್ದು ಗಾಳಿಯನ್ನು. ಹೊಸ್ತಿಲಾಚೆ ಒದ್ದೆ ಬನಿಯನ್ನಿನಲ್ಲಿ ರೋಹಿದಾಸ ನಿಂತಿದ್ದ.

ಫಹಾಹೀಲಿನಾಚೆ ಕಡಲಂಚಿನ ಮೀನು ಸಾಕಣೆ ಶೆಡ್ಡು ಅದು. ಕುವೈತಿನ ಕಡಲಲ್ಲಿ ಹಮೂರ್ ಮೀನು ಕಡಿಮೆಯಾಯಿತೆಂದು ಏಳು ತಾಯಿಮೀನುಗಳನ್ನು ತೊಟ್ಟಿಯಲ್ಲಿಟ್ಟಿದ್ದರು. ಮರಿಯಾದರೆ ಕಡಲಿಗೆ ಬಿಡುವುದು. ಮೀನಿನ ಹೆಸರು ಬರೆದರೂ ಕೈ ತೊಳೆಯುವ ಶ್ಯಾಮಸುಂದರ್ ಅವುಗಳ ವರದಿ ಬರೆಯುತ್ತಿದ್ದರು. ಪಡುಬಿದ್ರಿಯ ಮೊಗವೀರ ರೋಹಿದಾಸ ಭಜನೆ ಗುನುಗುತ್ತ ಅವುಗಳ ಹೇಲು ಬಳಿಯುತ್ತಿದ್ದ.

ತೊಂಬತ್ತರ ಏಪ್ರಿಲಿನ ಆ ಬೆಳಿಗ್ಗೆ ಸಾಹೇಬರು ಏನೋ ನೆನಪಾದವರಂತೆ ನಕ್ಕರು. "ಒಳಗೆ ಬಾರೋ, ಕೂತ್ಕೋ."

ಎರಡು ವರ್ಷದಲ್ಲಿ ಮೊದಲ ಕುರ್ಚಿ. ರೋಹಿದಾಸನಿಗೆ ಹೆದರಿಕೆಯಾಯಿತು.

"ನಾಳೆ ದೊಡ್ಡ ಸಾಹೇಬ ಮುದೀರ್ ಮನೇಲಿ ಔತಣ. ಹಮೂರೇ ಬೇಕಂತೆ, ಮಾರ್ಕೆಟ್ಟಲ್ಲಿ ಇಲ್ಲ. ನನ್ನ ಹೆಂಡ್ತಿ ವೀಸಾ ಅವನ ಮೇಜಿನ ಮೇಲಿದೆ. ತೊಟ್ಟೀಲಿ ಒಂದು ಹಿಡ್ಕೊಡು."

"ಎಲ್ಲ ಮೊಟ್ಟೆಗೆ ಬಂದಿವೆ ಸಾರ್. ಇವತ್ತು ನಾಳೆ ಇಡ್ತವೆ."

"ಒಂದು ಸತ್ತಿತು ಅಂತ ಬರೀತೀನಿ."

"ನೀವು ಬರೀಬಹುದು. ಅದು ಸಾಯ್ಬೇಕಲ್ಲ?"

"ಮೀನು ಕೊಲ್ಲೋ ಜಾತಿ ನಿಂದು! ನಂಗೆ ದಯೆ ಕಲಿಸ್ತೀಯೇನೋ ಬೇವರ್ಸಿ?"

"ಕೊಲ್ತೇವೆ, ತಿಂತೇವೆ. ಮಳೆಗಾಲದಲ್ಲಿ ಮೊಟ್ಟೆಗೆ ಬರುವಾಗ ಬಲೆ ಅಟ್ಟಕ್ಕೆ ಹಾಕ್ತೇವೆ ಸಾರ್. ಮಕ್ಕಳು ಉಪ್ಪಿನಕಾಯಿ ನೆಕ್ಕಿ ಗಂಜಿ ಕುಡೀತವೆ."

"ಇಲ್ಲಿರೋಕೆ ಕೊಟ್ಟ ಇಕಾಮಾನೇ ಕ್ಯಾನ್ಸಲ್ ಮಾಡಿಸ್ತೀನಿ! ವಿಮಾನ ಹತ್ತಿಸ್ತೀನಿ, ಖಲಾಸ್!"

ಊರಲ್ಲಿ ರೋಹಿದಾಸನ ಹೆಂಡತಿ ರತ್ನಾವತಿ ಅವನ ಸಂಬಳದಲ್ಲಿ ಮನೆಗೆ ಹಂಚು ಹೊದಿಸುತ್ತಿದ್ದಳು. ಆದರೂ ಅವನು ಅಲುಗಲಿಲ್ಲ.

ಸಾಹೇಬರು ತಾವೇ ಗೋಡೆಯ ಕೈಬಲೆ ಕಿತ್ತುಕೊಂಡು ತೊಟ್ಟಿಗೆ ನಡೆದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಇಳಿದರು. ತೊಟ್ಟಿಯ ನೀರು ಸೊಂಟದವರೆಗಿತ್ತು. ಒಂದು ಕೈಯಲ್ಲಿ ಬಲೆ, ಇನ್ನೊಂದರಲ್ಲಿ ಮೂಗಿಗೊತ್ತಿದ ಕರವಸ್ತ್ರ. ಊಟ ಬಂತೆಂದುಕೊಂಡ ದೊಡ್ಡ ತಾಯಿ ನೇರ ಬಂದು ತೊಡೆಗೆ ಮೈ ಉಜ್ಜಿತು.

"ಅಯ್ಯೋ ಕೃಷ್ಣಾ!"

ಸಾಹೇಬರು ನೀರಲ್ಲೇ ಕುಕ್ಕರಿಸಿದರು. ತೇಲಿಹೋದ ಕರವಸ್ತ್ರವನ್ನು ಇನ್ನೊಂದು ತಾಯಿ ಬಾಯಿಗೆ ಹಾಕಿ ನೋಡಿ, ಸೇರದೆ ಉಗುಳಿತು.

ರೋಹಿದಾಸ ಬಾಗಿ ಬಲೆಯನ್ನು ಎಳೆದುಕೊಂಡ.

"ನಿನ್ನ ಕಾಲಿಗೆ ಬೀಳ್ತೀನಿ ಕಣಪ್ಪಾ," ಗಂಟಲವರೆಗಿನ ನೀರಿನಿಂದ ಸಾಹೇಬರು ಅಂದರು, "ಒಂದೇ ಒಂದು ಹಿಡ್ಕೊಡೋ."

"ಇಕಾಮಾ ಬೇಕಾದ್ರೆ ಕ್ಯಾನ್ಸಲ್ ಮಾಡಿ ಸಾರ್. ಮೀನು ನಾನು ಕೊಡುದಿಲ್ಲ."