ಹಾಜ್ಜಾಳ ಎರಡನೇ ಹುಟ್ಟು

ಸೆಫ್ರು ಊರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಫೆಸ್ ನಗರಕ್ಕೆ ಹೋಗುವವರನ್ನು ಕೂಗಿ ಕರೆಯುವುದು ನನ್ನ ಕೆಲಸ. "ಫೆಸ್! ಫೆಸ್! ಒಂದೇ ಸೀಟು!" ಐದು ಸೀಟು ಖಾಲಿ ಇದ್ದರೂ ಒಂದೇ ಸೀಟು ಎಂದೇ ಕೂಗುತ್ತೇನೆ. ಇದನ್ನು ಸುಳ್ಳು ಎನ್ನುವವರು ಧಾರಾಳವಾಗಿ ಬಸ್ಸಿನಲ್ಲಿ ಹೋಗಲಿ. ಆರು ಜನ ತುಂಬದೆ ನಮ್ಮ ಟ್ಯಾಕ್ಸಿಗಳು ಹೊರಡುವುದಿಲ್ಲ. ಡ್ರೈವರ್ ಪಕ್ಕ ಇಬ್ಬರು, ಹಿಂದೆ ನಾಲ್ವರು. ನಾಲ್ಕನೆಯವನ ಅರ್ಧ ದೇಹ ಬಾಗಿಲಿನದು.

ನಿಲ್ದಾಣದ ಗಾಡಿಗಳಲ್ಲೆಲ್ಲ ಹಳಬಳು ಅಲ್ಲಾಲನ ಜರ್ಮನ್ ಡೀಸೆಲ್ ಕಾರು. ಅದು ಓಡಿದ ದೂರಕ್ಕೆ ಎಷ್ಟೋ ಸಲ ಮೆಕ್ಕಾಗೆ ಹೋಗಿ ಬರಬಹುದಿತ್ತು. ಅದಕ್ಕೇ ಊರವರೆಲ್ಲ ಅದನ್ನು ಹಾಜ್ಜಾ ಎಂದು ಗೌರವದಿಂದ ಕರೆಯುತ್ತಿದ್ದರು. ಗೌರವ ಹೆಸರಿಗಷ್ಟೇ. ಕಿಟಕಿ ಇಳಿಸುವ ಹಿಡಿ ಇಡೀ ಕಾರಿಗೆ ಒಂದೇ ಇತ್ತು, ಅದು ಅಲ್ಲಾಲನ ಜೇಬಿನಲ್ಲಿ ಇರುತ್ತಿತ್ತು. ಸೆಖೆಯಾದವರು ಕೇಳಬೇಕು, ತಿರುಗಿಸಬೇಕು, ಪಕ್ಕದವರಿಗೆ ದಾಟಿಸಬೇಕು. ಆ ಹಿಡಿ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಮಾತು ಹುಟ್ಟಿ, ಫೆಸ್ ಬರುವಷ್ಟರಲ್ಲಿ ಎರಡು ಮನೆಗಳ ನಡುವೆ ಹೆಣ್ಣು ಕೇಳುವ ಹಂತ ಮುಟ್ಟಿರುತ್ತಿತ್ತು.

ಆಮೇಲೆ ಸರ್ಕಾರದ ಆಜ್ಞೆ ಬಂತು. ಹಳೆಯ ಟ್ಯಾಕ್ಸಿಗಳೆಲ್ಲ ಗುಜರಿಗೆ, ಬದಲಿಗೆ ಹೊಸ ವ್ಯಾನುಗಳು. ಮಿಕ್ಕವರು ಬೈದುಕೊಂಡೇ ಒಪ್ಪಿದರು. ಅಲ್ಲಾಲ ಮಾತ್ರ ಊಟ ಬಿಟ್ಟ. ಹೆಂಡತಿ ತೀರಿಕೊಂಡಾಗಲೂ ಹೀಗೆ ಮಂಕಾಗಿರಲಿಲ್ಲ. ಆಗ ಹಾಜ್ಜಾ ಇದ್ದಳಲ್ಲ.

ಅವನ ಮಗಳು ಘಿಜ್ಲಾನ್ ಕೆನಿತ್ರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ರಜೆ ಹಾಕಿ ಬಂದವಳೇ ಸೀದಾ ನಮ್ಮ ಚಹಾದಂಗಡಿಗೆ ನುಗ್ಗಿದಳು. "ಗುಜರಿಗೆ ಯಾಕೆ ಹಾಕ್ಬೇಕು? ಮೈಗೇನಾಗಿದೆ, ಕಬ್ಬಿಣ ಗಟ್ಟಿ ಇದೆ. ಡೀಸೆಲ್ ಎಂಜಿನ್ ತೆಗೆದು ಬ್ಯಾಟರಿ, ಮೋಟಾರು ಕೂರಿಸ್ತೀನಿ. ಇಂಥ ಕಾರುಗಳು ಈ ಕಾಲಕ್ಕೆ ತಕ್ಕ ಹಾಗೆ ಮತ್ತೆ ಹುಟ್ಟಿ ಬರ್ಬೇಕು."

ಅಷ್ಟೇ ಸಾಕಾಯಿತು. ಯಾವ ಕಾರು ಮತ್ತೆ ಹುಟ್ಟಬೇಕು ಎಂದು ಅಂಗಡಿಯಲ್ಲಿ ಜಗಳ ಶುರುವಾಯಿತು. ಒಬ್ಬ ಪೆಜೋ ನಾನೂರ ನಾಲ್ಕು ಎಂದ. ಕಟುಕ ಮಿಲೂದ್, "ಅದೆಂಥದಯ್ಯಾ, ಬರೋದಾದ್ರೆ ರೆನೋ ನಾಲ್ಕೇ ಬರ್ಬೇಕು. ಹಿಂದಿನ ಸೀಟು ಕಿತ್ರೆ ಐದು ಕುರಿ ಹಿಡಿಸ್ತಿತ್ತು," ಎಂದು ಮೇಜು ಗುದ್ದಿದ.

"ಆರನೇ ಕುರಿ ನೀನೇ, ಗಾಡಿ ಓಡಿಸ್ತಿದ್ದೆ," ಎಂದೆ ನಾನು.

ಅಲ್ಲಾಲ ಮಾತ್ರ ಮಗಳನ್ನೇ ದುರುಗುಟ್ಟಿ ನೋಡಿದ. "ಅವಳ ಎದೆ ಬಗೆದು ಬ್ಯಾಟರಿ ತುಂಬ್ತೀಯಾ?"

"ಮತ್ತೇನು, ಗುಜರಿಗೆ ಕಳಿಸ್ಲಾ ಅಪ್ಪಾ?"

ಅವನು ಎದ್ದು ಹೋದ. ಆದರೆ ಕೀಲಿಕೈಯನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದ.

ಘಿಜ್ಲಾನ್ ಎಂಜಿನ್ ತೆಗೆದು ಬ್ಯಾಟರಿ ಕೂರಿಸಿ ಮುಗಿಸಿದ ಮೇಲೆ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರ್ ಸಿ ಲಹಬೀಬ್ ಒಂದು ಷರತ್ತಿನ ಮೇಲೆ ಒಪ್ಪಿದರು. ಹೊಸ ಹಾಜ್ಜಾ ಆರು ಜನ ಪ್ರಯಾಣಿಕರನ್ನು ಹೊತ್ತು ಶುಕ್ರವಾರ ಮಧ್ಯಾಹ್ನದೊಳಗೆ ಫೆಸ್ ಮುಟ್ಟಬೇಕು. ಇನ್ಸ್‌ಪೆಕ್ಟರ್ ಅಲ್ಲೇ ನಿಂತು ಒಬ್ಬೊಬ್ಬರನ್ನೂ ಕೇಳುತ್ತಾರೆ. ಒಬ್ಬರೇ ಒಬ್ಬರು ದೂರು ಹೇಳಿದರೂ ಕಾರು ಅಂದೇ ಗುಜರಿಗೆ.

ಆ ಶುಕ್ರವಾರ ಘಿಜ್ಲಾನ್ ಮುಂಚಿತವಾಗಿ ಫೆಸ್‌ಗೆ ಹೋಗಿ ಇನ್ಸ್‌ಪೆಕ್ಟರ್ ಜೊತೆ ಕಾದು ನಿಂತಳು. ಇಲ್ಲಿ ನಾನು ಗಂಟಲು ಹರಿಯುವಂತೆ ಕೂಗಿದೆ. ನಿಜಕ್ಕೂ ಒಂದೇ ಸೀಟು ಉಳಿದಿತ್ತು, ಒಬ್ಬನೂ ಬರಲಿಲ್ಲ. "ಕರೆಂಟು ಹೊಡೆದ್ರೆ?" ಎಂದು ದೂರವೇ ನಿಂತರು. ನನ್ನ ಮಾನ ಹೋಯಿತು. ಕೊನೆಗೆ ಆರನೆಯವನಾಗಿ ನಾನೇ ಹತ್ತಿದೆ. ಮುಂದೆ ಲಲ್ಲಾ ತಾಮು ಮತ್ತು ಅವಳ ಸೊಸೆ, ಹಿಂದೆ ಮಿಲೂದ್, ಇಬ್ಬರು ಕಾಲೇಜು ಹುಡುಗರು ಮತ್ತು ನಾನು. ಲಲ್ಲಾ ತಾಮು ಮಾರುಕಟ್ಟೆಯಲ್ಲಿ ಪುದೀನ ಮಾರುವವಳು. ಅವಳ ಬಾಯಿಗೆ ಊರಿನ ಖಾಜಿಯೂ ಹೆದರುತ್ತಾರೆ.

ಅಲ್ಲಾಲ ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದ. ಒಂದು ಸದ್ದೂ ಇಲ್ಲ.

ನಮ್ಮೂರಿನಲ್ಲಿ ಟ್ಯಾಕ್ಸಿ ಸದ್ದು ಮಾಡದಿದ್ದರೆ ಏನು ಮಾಡಬೇಕೆಂದು ತೊಟ್ಟಿಲ ಮಗುವಿಗೂ ಗೊತ್ತು. ಬಾಗಿಲುಗಳು ತೆರೆದವು, ಆರೂ ಜನ ಇಳಿದೆವು, ಅಂಗಿಯ ತೋಳು ಮಡಚಿ ಹಿಂದಿನಿಂದ ನೂಕತೊಡಗಿದೆವು. ಲಲ್ಲಾ ತಾಮು ಜೆಲ್ಲಾಬ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, "ಹಾಕ್ರೋ ಭುಜ! ಬೆಳಗ್ಗೆ ಏನೂ ತಿಂದಿಲ್ವಾ?" ಎಂದು ಹುಡುಗರನ್ನು ಗದರಿಸಿದಳು. ನೂಕುತ್ತಿದ್ದಾರೆಂದರೆ ಪೆಡಲ್ ಒತ್ತಬೇಕು ಎಂಬುದು ಅಲ್ಲಾಲನ ಕಾಲಿಗೆ ಅಭ್ಯಾಸ. ಒತ್ತಿದ. ಹಾಜ್ಜಾ ಸದ್ದಿಲ್ಲದೆ ನಮ್ಮ ಕೈ ಬಿಡಿಸಿಕೊಂಡು ಹೊರಟೇ ಹೋದಳು. ಮಿಲೂದ್ ಮುಗ್ಗರಿಸಿ ಬಿದ್ದ. ಮಸೀದಿಯ ತಿರುವಿನವರೆಗೂ ನಾವು ಬೊಬ್ಬೆ ಹೊಡೆಯುತ್ತ ಓಡಿದೆವು. ಅಲ್ಲಿ ಅಲ್ಲಾಲ ಹಿಂಬದಿಯ ಕನ್ನಡಿ ನೋಡಿ ಗಾಡಿ ನಿಲ್ಲಿಸಿದ.

ಆಮೇಲಿನ ದಾರಿ ಇನ್ನೂ ಕಷ್ಟದ್ದು. ಕಾರು ಬೆಣ್ಣೆಯಂತೆ ಸಾಗುತ್ತಿತ್ತು. ಪ್ರತಿ ಬಾಗಿಲಿಗೂ ಸ್ವಂತ ಹಿಡಿ, ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ವೈದ್ಯರ ಹೊರಕೋಣೆಯಲ್ಲಿ ಕೂತವರಂತೆ ಆರೂ ಜನ ಸೆಟೆದು ಕೂತೆವು. ಎಂಜಿನ್ ಗದ್ದಲದ ಮರೆಯಲ್ಲಿ ಅತ್ತೆಯನ್ನು ಶಪಿಸುತ್ತ ತವರಿಗೆ ಫೋನು ಮಾಡುವುದು ಆ ಸೊಸೆಯ ರೂಢಿ. ಅಂದು ಫೋನು ತೆಗೆದು, ಮೌನಕ್ಕೆ ಹೆದರಿ, ಮತ್ತೆ ಚೀಲಕ್ಕೆ ಹಾಕಿದಳು. ಮಿಲೂದನ ಹೊಟ್ಟೆ ಗೊರಗುಟ್ಟಿದ್ದು ಎಲ್ಲರಿಗೂ ಕೇಳಿಸಿತು, ನಗಲೂ ಧೈರ್ಯವಾಗಲಿಲ್ಲ. ಅಲ್ಲಾಲನ ಕಿವಿ ಮಾತ್ರ ಏನನ್ನೋ ಹುಡುಕುತ್ತಿತ್ತು.

ಫೆಸ್‌ನಲ್ಲಿ ಇನ್ಸ್‌ಪೆಕ್ಟರ್ ಕಾಗದ ಹಿಡಿದು ನಿಂತಿದ್ದರು. "ದೂರು ಏನಾದ್ರೂ?"

ದೂರು ಕೇಳಿದರೆ ಇಲ್ಲ ಎನ್ನುವ ಜನವೇ ನಾವು?

"ಗಾಡಿ ನೂಕಿಸಿದ್ರು," ಎಂದ ಮಿಲೂದ್, ತರಚಿದ ಮೊಣಕಾಲು ತೋರಿಸಿ.

"ನೂಕೋಕೆ ಯಾರು ಹೇಳಿದ್ರು?" ಘಿಜ್ಲಾನ್ ಕಿರುಚಿದಳು.

"ಅದನ್ನ ಬೇರೆ ಹೇಳ್ಬೇಕಾ?"

ನಿದ್ದೆ ಬರಲಿಲ್ಲ ಎಂದರು ಹುಡುಗರು. ಒಂದು ಮಾತೂ ಆಡಲಾಗಲಿಲ್ಲ ಎಂದಳು ಸೊಸೆ. ಡೀಸೆಲ್ ವಾಸನೆ ಇಲ್ಲದೆ ತಲೆ ಸುತ್ತಿತು ಎಂದಳು ಲಲ್ಲಾ ತಾಮು. ನಾನಾದರೂ ಸುಮ್ಮನಿರಬೇಕಿತ್ತು. "ಸೀಟಿನ ಸ್ಪ್ರಿಂಗ್ ಚುಚ್ಲಿಲ್ಲ, ಎಲ್ಲಿ ಕೂತಿದೀನಿ ಅಂತಾನೇ ಗೊತ್ತಾಗ್ಲಿಲ್ಲ," ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅದೂ ಕಾಗದಕ್ಕೆ ಏರಿತ್ತು.

"ಒಬ್ಬರನ್ನೂ ಬಿಡದೆ ಎಲ್ಲರದೂ ದೂರು," ಎಂದರು ಸಿ ಲಹಬೀಬ್. ಪಾಪ, ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ಷರತ್ತು ಷರತ್ತೇ, ಅಲ್ಲಾಲ್. ಕೀಲಿ ಕೊಡು."

ಅಲ್ಲಾಲ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಘಿಜ್ಲಾನ್ ಕಣ್ಣು ತುಂಬಿಕೊಂಡಳು.

ಆಗ ಲಲ್ಲಾ ತಾಮು ಇನ್ಸ್‌ಪೆಕ್ಟರ್ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನಪ್ಪಾ ನೀನು, ದೂರು ಹೇಳಿದ್ರೆ ಗುಜರಿಗೆ ಹಾಕೋದಾ? ಮದುವೆಯಾದ ದಿನದಿಂದ ನನ್ನ ಗಂಡನ ಮೇಲೆ ದೂರು ಹೇಳ್ತಾ ಇದೀನಿ. ಅವನನ್ನ ಗುಜರಿಗೆ ಹಾಕಿ ಅಂತ ಯಾವತ್ತಾದ್ರೂ ಅಂದಿದೀನಾ? ಇವಳು ನಮ್ಮವಳು, ಅದಕ್ಕೇ ಬೈತೀವಿ. ಆ ಹೊಸ ವ್ಯಾನ್ ಬಗ್ಗೆ ಯಾರಾದ್ರೂ ಒಂದು ದೂರು ಕೊಟ್ಟಿದಾರಾ ಹೇಳು?"

ಸಿ ಲಹಬೀಬ್ ಕಾಗದ ತಿರುವಿ ನೋಡಿದರು. ಒಂದೂ ಇರಲಿಲ್ಲ.

ಈ ವಾದ ನಡೆಯುತ್ತಿರುವಾಗಲೇ ನಮಗೆ ಗೊತ್ತಿಲ್ಲದಂತೆ ಇನ್ನೊಂದು ಕೆಲಸ ಆಗಿಹೋಗಿತ್ತು. ಶುಕ್ರವಾರ ಮಧ್ಯಾಹ್ನ ಡ್ರೈವರುಗಳೆಲ್ಲ ಕುಸ್ಕುಸ್ ಉಣ್ಣಲು ಮನೆ ಸೇರುತ್ತಾರೆ, ನಿಲ್ದಾಣ ಬರಿದಾಗುತ್ತದೆ. ಸೆಫ್ರುವಿಗೆ ಹೋಗಬೇಕಾದ ಐದು ಜನ ಹಸಿದವರು ಹಾಜ್ಜಾಳನ್ನು ಕಂಡದ್ದೇ ತಡ, ಎದೆಯಲ್ಲಿ ಏನಿದೆ ಎಂದು ಕೇಳದೆ ಒಳಗೆ ತೂರಿ ಕೂತಿದ್ದರು. ಅವರಲ್ಲೊಬ್ಬ ತಲೆ ಹೊರಗೆ ಹಾಕಿ ಕೂಗಿದ: "ಇನ್ನೊಬ್ಬ ಎಲ್ಲಿ? ಕುಸ್ಕುಸ್ ಆರಿ ಹೋಗ್ತಿದೆ!"

ಆರನೆಯ ಸೀಟು ನನಗೇ ಸಲ್ಲಬೇಕು. ಆದರೆ ಸಿ ಲಹಬೀಬರ ಮನೆಯೂ ಸೆಫ್ರುವಿನಲ್ಲೇ. ಅವರ ತಾಯಿ ಏಳು ತರಕಾರಿ ಹಾಕಿ ಮಾಡುವ ಕುಸ್ಕುಸ್‌ನ ಪರಿಮಳ ನಮ್ಮ ಬೀದಿಗೂ ಬರುತ್ತದೆ. ನಾನು ದನಿ ಎತ್ತಿ, ಫೆಸ್‌ನ ಕೂಗುಗಾರ ಕಣ್ಣು ಕೆಕ್ಕರಿಸಿದರೂ ಲೆಕ್ಕಿಸದೆ, ಅವರ ಕಿವಿಯ ಹತ್ತಿರವೇ ಕೂಗಿದೆ: "ಸೆಫ್ರು! ಸೆಫ್ರು! ಒಂದೇ ಸೀಟು!"

ಅವರು ನನ್ನನ್ನು ನೋಡಿದರು, ಖಾಲಿ ನಿಲ್ದಾಣವನ್ನು ನೋಡಿದರು. ಜೇಬಿನಿಂದ ಮುದ್ರೆ ತೆಗೆದು, ಕಾಗದವನ್ನು ಬಾನೆಟ್ಟಿನ ಮೇಲಿಟ್ಟು, ಒಪ್ಪಿಗೆಯ ಕಡೆ ಒತ್ತಿದರು. ಆಮೇಲೆ ಹಿಂದಿನ ಸೀಟಿಗೆ ನಾಲ್ಕನೆಯವರಾಗಿ ತೂರಿ, "ಸ್ವಲ್ಪ ಸರ್ಕೊಳ್ಳಿ ಮಾರಾಯ್ರೇ, ಅರ್ಧ ಹೊರಗಿದೀನಿ!" ಎಂದು ಗೊಣಗಿದರು.

"ಅಗೋ, ಇವ್ರದೂ ಶುರುವಾಯ್ತು," ಎಂದಳು ಲಲ್ಲಾ ತಾಮು.

ಅಲ್ಲಾಲ ಡ್ರೈವರ್ ಬಾಗಿಲ ಬಳಿ ಹೋದ. ಬಾಗಿಲು ತೆರೆದವನು ಕೂರಲಿಲ್ಲ. ಕಣ್ಣು ಒರೆಸಿಕೊಂಡ, ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡ. "ನನಗೆ ರಸ್ತೆ ಕಾಣ್ತಿಲ್ಲ," ಎಂದು ಕೀಲಿಯನ್ನು ಮಗಳ ಕೈಗಿಟ್ಟ. ಟ್ಯಾಕ್ಸಿ ಪರವಾನಗಿ ಅವಳ ಹತ್ತಿರ ಎಂದಿನಿಂದಲೋ ಇತ್ತು. ಆ ಸ್ಟಿಯರಿಂಗನ್ನು ಮಾತ್ರ ಅವನು ಇಷ್ಟು ವರ್ಷ ಯಾರಿಗೂ, ಸ್ವಂತ ತಮ್ಮನಿಗೂ, ಮುಟ್ಟಲು ಬಿಟ್ಟವನಲ್ಲ.

ಘಿಜ್ಲಾನ್ ಕೂತು ಹೊರಟಳು. ಅಲ್ಲಾಲನೂ ನಾನೂ ಹಸಿದ ಹೊಟ್ಟೆಯಲ್ಲಿ ಫುಟ್‌ಪಾತಿನ ಅಂಚಿನಲ್ಲಿ ನಿಂತು ನೋಡಿದೆವು. ಹಾಜ್ಜಾ ಮೊದಲ ತಿರುವು ಮುಟ್ಟುವಷ್ಟರಲ್ಲಿ ಅವನು ಬಾಯಿ ತೆರೆದ.

"ನೋಡೋ ಹಮ್ಮಾದಿ, ತಿರುವಿನಲ್ಲಿ ಬ್ರೇಕ್ ಒತ್ತೋದು ನೋಡು! ಕೈ ಇಟ್ಟಿರೋದಾದ್ರೂ ಹೇಗೆ, ಹಿಟ್ಟು ನಾದೋರ ಥರ! ಕನ್ನಡಿ ನೋಡಿದ್ಲಾ? ನೋಡ್ಲಿಲ್ಲ!"

ಮುಂದಿನ ಟ್ಯಾಕ್ಸಿ ಬರುವವರೆಗೂ ಅವನು ಮಗಳನ್ನು ಬೈಯುತ್ತಲೇ ಇದ್ದ. ಇಷ್ಟು ಖುಷಿಯಾಗಿ ಅವನನ್ನು ನಾನು ಯಾವತ್ತೂ ಕಂಡಿರಲಿಲ್ಲ.