ಬೀಗರಿಗೆಂದು ತಂದ ಹಸಿರು ಕಡ್ಡಿ

ಭಾನುವಾರ ಉಡಿಗಾಲದಿಂದ ಬೀಗರು ಬರುವವರಿದ್ದರು. ಏನು ಬಡಿಸಿದರೂ ಕೊಂಕು ತೆಗೆಯುವ ಜನ. ಈ ಸಲ ಹೊಸದೇನಾದರೂ ಮಾಡಿ ಅವರ ಬಾಯಿ ಮುಚ್ಚಿಸಬೇಕೆಂದು ಚಿಕ್ಕಮಲ್ಲಪ್ಪನ ಮಗಳು ಶಿವರಂಜನಿ ಮೈಸೂರಿನಿಂದ ಆಸ್ಪರಾಗಸ್ ಎಂಬ ಹಸಿರು ಕಡ್ಡಿಗಳ ಕಟ್ಟು ತಂದು, ಗುರುವಾರವೇ ಮನೆಯವರ ಮೇಲೆ ಪ್ರಯೋಗ ಮಾಡಿದಳು. ಬುಡ ಮುರಿದು, ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ, ಕಾದ ಕಾವಲಿಯ ಮೇಲೆ ಹೊರಳಾಡಿಸಿ ಹುರಿದದ್ದಷ್ಟೇ. ಮುದ್ದೆಯ ಪಕ್ಕದಲ್ಲಿ ಇದೂ ಒಂದು ಪಲ್ಯವೇ ಎಂದು ಗೊಣಗುತ್ತಲೇ ಚಿಕ್ಕಮಲ್ಲಪ್ಪ ಹತ್ತು ಕಡ್ಡಿ ನುಂಗಿದ.

ನಾಲ್ಕು ಗಂಟೆಗೆ ಬಚ್ಚಲಿಗೆ ಹೋದವನು ಮೂಗು ಹಿಡಿದುಕೊಂಡು ಹೊರಬಂದ. ಅರವತ್ತು ವರ್ಷ ಜೊತೆಗೆ ಬಾಳಿದ ಮೂತ್ರ ಒಂದು ದಿನವೂ ಹೀಗೆ ಕೊಳೆತ ಕೋಸಿನಂತೆ ನಾರಿದ್ದಿಲ್ಲ. ಕಿಡ್ನಿ ಕೈಕೊಟ್ಟಿತು ಎಂದುಕೊಂಡ. ಹೆಂಡತಿ ಗುರುಮಲ್ಲಮ್ಮನಿಗೆ ತಿಳಿದರೆ ಬೀಡಿ ಕಿತ್ತುಕೊಳ್ಳುತ್ತಾಳೆಂದು, ಗೊಬ್ಬರದಂಗಡಿಯ ನೆಪ ಹೇಳಿ ಗುಂಡ್ಲುಪೇಟೆಯ ಲ್ಯಾಬಿಗೆ ಓಡಿದ.

ಅಲ್ಲಿ ಬೆಂಚಿನ ಮೇಲೆ, ದೇವಸ್ಥಾನಕ್ಕೆಂದು ಹೊರಟಿದ್ದ ಗುರುಮಲ್ಲಮ್ಮ ಸೆರಗಿನೊಳಗೆ ಡಬ್ಬಿ ಬಚ್ಚಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ, ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಶಿವರಂಜನಿ.

ಮೂವರೂ ಮಧ್ಯಾಹ್ನ ತಿಂದದ್ದೇನೆಂದು ಕೇಳಿ ತಿಳಿದ ಲ್ಯಾಬಿನ ಹೆಂಗಸು ನಕ್ಕಳು. "ಆ ಕಡ್ಡಿ ತಿಂದ್ರೆ ಇಂಗೇ ನಾರೋದು. ಕಾಯಿಲೆನೂ ಇಲ್ಲ, ಏನೂ ಇಲ್ಲ. ಮನೆಗೆ ಓಗಿ."

ಮನೆ ಬಾಗಿಲಲ್ಲಿ ಚಿಕ್ಕಮಲ್ಲಪ್ಪ ಮಗಳನ್ನು ತಡೆದು ನಿಲ್ಲಿಸಿದ.

"ಭಾನುವಾರ ಬೀಗರಿಗೆ ಅದ್ನೇ ಮಾಡ್ಬುಡು ಕಣಮ್ಮಿ. ಇನ್ನೆರಡು ಕಟ್ಟು ಜಾಸ್ತಿ ತಕ್ಕೊಂಬಾ. ನಾರೋ ವಿಷ್ಯ ಮಾತ್ರ ಯೋಳ್ಬ್ಯಾಡ."